ಹಾರುವ ಹುಳ ಎಲ್ಲಿ ಹುಟ್ಟಿತು ಅಂತ ಮೊದಲು ಹುಡುಕಿ

ಹೋದ ವರ್ಷ ಜೂನ್‌ನಲ್ಲಿ ಎರಡು ವಾರ ನಮ್ಮ ಅಡುಗೆಮನೆ ಕಟ್ಟೆ ಮೇಲೆ ಒಂದು ಬಟ್ಟಲು ವಿನಿಗರ್ ಇಟ್ಟಿದ್ದೆ. ಅದಕ್ಕೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಸೇರಿಸಿದ್ದೆ. ಮನೆ ತುಂಬಾ ಸಣ್ಣ ಸಣ್ಣ ಹುಳ. ಮಾವಿನ ಕಾಲ, ಬುಟ್ಟಿ ತುಂಬಾ ಹಣ್ಣು. ನುಸಿ ಅಲ್ಲದೆ ಇನ್ನೇನು ಅಂದುಕೊಂಡೆ. ಎರಡು ವಾರಕ್ಕೆ ಬಟ್ಟಲಿಗೆ ಬಿದ್ದಿದ್ದು ಮೂರೇ ಮೂರು. ಅಷ್ಟರಲ್ಲಿ ಗೋಡೆ ಮೇಲಿನವು ಮೂವತ್ತಾಗಿದ್ದವು.

ಒಂದು ಬೆಳಿಗ್ಗೆ ಹಲ್ಲುಜ್ಜುವಾಗ, ಕನ್ನಡಿ ಪಕ್ಕದ ಟೈಲ್ಸ್ ಮೇಲೆ ಕೂತಿದ್ದ ಒಂದನ್ನು ಮೂಗು ತಾಗುವಷ್ಟು ಹತ್ತಿರದಿಂದ ನೋಡಿದೆ. ಎಳ್ಳು ಕಾಳಿನಷ್ಟು ಗಾತ್ರ. ರೆಕ್ಕೆ ಹರಡಿಕೊಂಡು ಕೂತರೆ ಥೇಟ್ ಅರಳಿ ಎಲೆಯ ಆಕಾರ. ಮೈಮೇಲೆಲ್ಲ ಬೂದು ರೋಮ. ಬೆರಳಿಂದ ಒತ್ತಿದೆ. ಕಾಡಿಗೆ ತೀಡಿದ ಹಾಗೆ ಒಂದು ಗೀರು ಉಳಿಯಿತು, ಅಷ್ಟೇ. ಇದು ಹಣ್ಣಿನ ನುಸಿ ಅಲ್ಲವೇ ಅಲ್ಲ. ಇದು ಹುಟ್ಟುವುದು ಬಚ್ಚಲ ತೂಬಿನೊಳಗೆ. ನಾನು ಎರಡು ವಾರ ಕಾದಿದ್ದು ತಪ್ಪು ಕೋಣೆಯಲ್ಲಿ, ತಪ್ಪು ಹುಳಕ್ಕೆ.

ನಾವು ಸಾಮಾನ್ಯವಾಗಿ ಹಾರುತ್ತಿರುವುದನ್ನು ಕಂಡು ಹೊಡೆಯಲು ಓಡುತ್ತೇವೆ. ಆದರೆ ರೆಕ್ಕೆ ಬರುವುದು ಇವುಗಳ ಬದುಕಿನ ಕೊನೆಯ ಹಂತದಲ್ಲಿ. ಅದಕ್ಕೂ ಮೊದಲು ಮೊಟ್ಟೆ, ಮರಿಹುಳ, ಕೋಶ ಅಂತ ಮೂರು ಹಂತ ಕಳೆದಿರುತ್ತವೆ. ಮನೆಯೊಳಗೇ ಹುಟ್ಟುವ ಹುಳವಾದರೆ ಆ ಮೂರೂ ಹಂತ ಹೆಚ್ಚಾಗಿ ನಮ್ಮ ಮನೆಯಲ್ಲೇ, ಯಾವುದೋ ಒದ್ದೆ ಮೂಲೆಯಲ್ಲಿ ಅಥವಾ ಯಾವುದೋ ಡಬ್ಬಿಯಲ್ಲಿ ನಡೆದಿರುತ್ತವೆ. ಹಾರುವ ಹತ್ತನ್ನು ಹೊಡೆದು ಮುಗಿಸುವಷ್ಟರಲ್ಲಿ ಅಲ್ಲಿ ನೂರು ತಯಾರಾಗುತ್ತಿರುತ್ತವೆ. ಆ ಜಾಗ ಯಾವುದು ಅನ್ನುವುದೇ ನಿಜವಾದ ಪ್ರಶ್ನೆ. ಅದಕ್ಕೆ ಉತ್ತರವನ್ನು ಹುಳವೇ ಹೇಳುತ್ತದೆ. ಎಲ್ಲಿ ಕೂರುತ್ತದೆ, ಯಾವ ಹೊತ್ತಿಗೆ ಬರುತ್ತದೆ, ಹೇಗೆ ಹಾರುತ್ತದೆ ಅಂತ ನೋಡಬೇಕು.

ಮೊದಲು ನುಸಿ. ಕೆಲವು ಕಡೆ ಗುಂಗುರು ಅಂತಲೂ ಅನ್ನುತ್ತಾರೆ. ಕಂದು ಮೈ, ಹತ್ತಿರದಿಂದ ನೋಡಿದರೆ ಕೆಂಪು ಕಣ್ಣು, ಬಾಳೆಹಣ್ಣಿನ ಸುತ್ತ ನಿಧಾನವಾಗಿ ತೇಲುವ ಹಾರಾಟ. ಇದರ ವೈಜ್ಞಾನಿಕ ಹೆಸರು ಡ್ರಾಸೊಫಿಲಾ. ಅಡುಗೆಮನೆಯಲ್ಲಿ ಇದಕ್ಕೆ ಕವಡೆ ಕಾಸಿನ ಮರ್ಯಾದೆ ಇಲ್ಲ. ವಿಜ್ಞಾನದಲ್ಲಿ ಮಾತ್ರ ಇದು ದೊಡ್ಡ ಮನುಷ್ಯ! ತಳಿಗುಣ ಸಾಗಿಸುವುದು ಕ್ರೋಮೋಸೋಮುಗಳು ಅಂತ ಇದೇ ನೊಣದಿಂದ ತೋರಿಸಿದ ಥಾಮಸ್ ಹಂಟ್ ಮಾರ್ಗನ್‌ಗೆ 1933ರಲ್ಲಿ ನೊಬೆಲ್ ಬಂತು. ನಮ್ಮ ದೇಹದ ಗಡಿಯಾರ ಹೇಗೆ ನಡೆಯುತ್ತದೆ ಅನ್ನುವುದಕ್ಕೆ 2017ರಲ್ಲಿ ಕೊಟ್ಟ ನೊಬೆಲ್ ಹಿಂದೆಯೂ ಇದೇ ನೊಣ ಇತ್ತು. ಮೈಸೂರಿನ ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಇವನ್ನು ಬಾಟಲಿಗಳಲ್ಲಿ ಸಾಕಿ ಕಾಪಾಡುವ ಸಂಗ್ರಹ ಕೇಂದ್ರವೇ ಇದೆ. ವಿಜ್ಞಾನಿಗಳಿಗೆ ಇದು ಯಾಕೆ ಇಷ್ಟವೋ ನಮಗೆ ಅದೇ ಕಾರಣಕ್ಕೆ ಕಷ್ಟ. ಬೆಚ್ಚಗಿನ ಜಾಗದಲ್ಲಿ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಬರೀ ಹತ್ತು ದಿನ. ಒಂದು ಹೆಣ್ಣು ತನ್ನ ಜೀವನದಲ್ಲಿ ನಾನೂರು, ಐನೂರು ಮೊಟ್ಟೆ ಇಡಬಲ್ಲದು.

ಇದಕ್ಕೆ ಬೇಕಾಗಿರುವುದು ಹಣ್ಣಿಗಿಂತ ಹೆಚ್ಚಾಗಿ ಹುಳಿ ಬಂದ, ಯೀಸ್ಟ್ ಬೆಳೆದ ಪದಾರ್ಥ. ಅದಕ್ಕೇ ವಿನಿಗರ್ ವಾಸನೆಗೆ ಓಡಿ ಬರುತ್ತದೆ. ಬರೀ ವಿನಿಗರ್ ಇಟ್ಟರೆ ಅದರ ಮೇಲೆ ಕೂತು, ಕುಡಿದು, ಆರಾಮಾಗಿ ಹಾರಿಹೋಗಬಹುದು. ನೀರಿನ ಮೇಲ್ಮೈಗೆ ಒಂದು ಬಿಗಿ ಇರುತ್ತದೆ, ಅದು ಹುಳದ ಭಾರ ತಡೆಯುತ್ತದೆ. ಎರಡು ಹನಿ ಸೋಪು ಆ ಬಿಗಿ ಕಳೆಯುತ್ತದೆ. ಕೂತ ಹುಳ ಮುಳುಗುತ್ತದೆ. ಇಷ್ಟಾದರೂ ಬಟ್ಟಲಿನ ಕೆಲಸ ಅರ್ಧವೇ. ಉಳಿದ ಅರ್ಧ ಅಂದರೆ ಹುಡುಕಾಟ. ಈರುಳ್ಳಿ ಆಲೂಗಡ್ಡೆ ಬುಟ್ಟಿಯನ್ನು ಪೂರ್ತಿ ಖಾಲಿ ಮಾಡಿ. ತಳದಲ್ಲಿ ಒಂದು ಆಲೂಗಡ್ಡೆ ಕೊಳೆತು ನೀರಾಗಿರುತ್ತದೆ, ಬರೆದಿಟ್ಟುಕೊಳ್ಳಿ. ಕಸದ ಡಬ್ಬಿಯಲ್ಲಿ ಕವರ್ ಬದಲಾಯಿಸುತ್ತೇವೆ, ಡಬ್ಬಿ ತೊಳೆಯುವುದಿಲ್ಲ. ಕವರಿಂದ ಸೋರಿದ ರಸ ಅಲ್ಲೇ ಇರುತ್ತದೆ. ನೆಲ ಒರೆಸುವ ಬಟ್ಟೆ ಮುದ್ದೆಯಾಗಿ ಬಕೆಟ್ ಒಳಗೇ ಬಿದ್ದಿರುತ್ತದೆ. ತಂದ ಬಾಳೆಹಣ್ಣನ್ನು ಒಮ್ಮೆ ತೊಳೆದು ಒರೆಸಿಟ್ಟರೆ ಸಿಪ್ಪೆ ಮೇಲೆ ಬಂದ ಮೊಟ್ಟೆಯೂ ಅಂಗಡಿಯ ಕೊಳೆಯೂ ಒಂದಿಷ್ಟು ಹೋಗುತ್ತವೆ.

ಅಂದಹಾಗೆ ಮಾವಿನಹಣ್ಣು ಕೊಯ್ದಾಗ ಒಳಗಿಂದ ಎದ್ದು ಬರುವ ಬಿಳಿ ಹುಳ ಈ ನುಸಿಯ ಮರಿ ಅಲ್ಲ. ಅದು ಹಣ್ಣು ನೊಣ ಅನ್ನುವ ಬೇರೆಯೇ ಜಾತಿ. ಹಣ್ಣು ಮರದಲ್ಲಿರುವಾಗಲೇ ಸಿಪ್ಪೆಗೆ ಚುಚ್ಚಿ ಮೊಟ್ಟೆ ಇಡುತ್ತದೆ. ತೋಟದವರು ವಾಸನೆಯಿಂದ ನೊಣ ಸೆಳೆದು ಹಿಡಿಯುವ ಮೋಹಕ ಬಲೆ ನೇತುಹಾಕುವುದು ಅದಕ್ಕೇ. ಅದರ ಕಾಟದಿಂದಲೇ 2014ರ ಮೇ ತಿಂಗಳಿಂದ ಯುರೋಪ್ ಒಕ್ಕೂಟ ಭಾರತದ ಮಾವನ್ನು ಕೆಲವು ತಿಂಗಳು ನಿಷೇಧಿಸಿತ್ತು. ಅಡುಗೆಮನೆಯಲ್ಲಿ ಕೂತು ನಾವು ಅದಕ್ಕೆ ಮಾಡುವಂಥದ್ದು ಏನೂ ಇಲ್ಲ. ಕೊಯ್ದು ನೋಡಿ ತಿನ್ನುವುದು, ಅಷ್ಟೇ.

ಈಗ ನನ್ನ ಅರಳಿ ಎಲೆ ಹುಳಕ್ಕೆ ಬರೋಣ. ಇಂಗ್ಲಿಷಿನಲ್ಲಿ ಡ್ರೇನ್ ಫ್ಲೈ ಅನ್ನುತ್ತಾರೆ, ನಮ್ಮ ಮನೆಯಲ್ಲಿ ಬಚ್ಚಲ ಹುಳ. ಸರಿಯಾಗಿ ಹಾರಲೂ ಬಾರದು. ಎದ್ದು ಎರಡು ಅಡಿ ಕುಪ್ಪಳಿಸಿ ಮತ್ತೆ ಗೋಡೆಗೆ ಅಂಟುತ್ತದೆ. ಕಚ್ಚುವುದಿಲ್ಲ. ಯಾವ ತೂಬಿನಿಂದ ಬರುತ್ತಿದೆ ಅಂತ ಪತ್ತೆ ಮಾಡಲು ಒಂದು ಸುಲಭ ಉಪಾಯ ಇದೆ. ರಾತ್ರಿ ಮಲಗುವ ಮುಂಚೆ ಜಾಲರಿ ಸುತ್ತ ಒರೆಸಿ ಒಣಗಿಸಿ, ಅಗಲದ ಸೆಲೋಟೇಪನ್ನು ಅಂಟು ಕೆಳಮುಖವಾಗಿ, ನಡುವೆ ಸ್ವಲ್ಪ ಸಂದು ಬಿಟ್ಟು ಅಂಟಿಸಬೇಕು. ಬೆಳಿಗ್ಗೆ ಕಿತ್ತು ನೋಡಬೇಕು. ನಾನು ಮೂರು ಕಡೆ ಅಂಟಿಸಿದೆ. ಎರಡೂ ಬಚ್ಚಲ ಟೇಪು ಖಾಲಿ. ಪಾತ್ರೆ ತೊಳೆಯುವ ಹಿತ್ತಲ ಯುಟಿಲಿಟಿಯ ಟೇಪಿನಲ್ಲಿ ಹನ್ನೊಂದು ಹುಳ.

ಜಾಲರಿ ಎತ್ತಿ ಟಾರ್ಚ್ ಬಿಟ್ಟೆ. ಪೈಪಿನ ಒಳಗೋಡೆಗೆ ಬೆರಳು ದಪ್ಪ ಬೂದು ಲೋಳೆ. ಅದರಲ್ಲಿ ಅನ್ನದ ಅಗುಳು, ಕರಿಬೇವಿನ ಎಲೆ, ಒಂದು ರಬ್ಬರ್ ಬ್ಯಾಂಡ್. ಲೋಳೆಯೊಳಗೆ ಕಪ್ಪು ದಾರದ ಚೂರುಗಳಂಥವು ಮೆಲ್ಲಗೆ ಹೊರಳುತ್ತಿದ್ದವು. ಅವೇ ಮರಿಗಳು. ಬಾಲದ ತುದಿಯ ಸಣ್ಣ ಕೊಳವೆಯನ್ನು ಮೇಲಕ್ಕೆ ಚಾಚಿ ಉಸಿರಾಡುತ್ತಾ, ಲೋಳೆಯನ್ನೇ ತಿಂದು ಬದುಕುತ್ತವೆ.

ಇಲ್ಲೇ ಹೆಚ್ಚಿನವರು ಎಡವುವುದು. ನಾನೂ ಎಡವಿದೆ. ಬಿಸಿನೀರು ಸುರಿದೆ. ಬ್ಲೀಚಿಂಗ್ ಸುರಿದೆ. ಮೂರು ದಿನ ಕಡಿಮೆಯಾದವು, ನಾಲ್ಕನೇ ದಿನ ಮತ್ತೆ ಬಂದವು. ಸುರಿದ ನೀರು ಪೈಪಿನಲ್ಲಿ ನಿಲ್ಲುವುದೇ ಇಲ್ಲ, ಜಾರಿ ಹೋಗುತ್ತದೆ. ಮರಿ ಇರುವುದು ಲೋಳೆಯ ಒಳಗೆ, ಅದು ಕಂಬಳಿ ಹೊದ್ದ ಹಾಗೆ ರಕ್ಷಣೆ ಕೊಡುತ್ತದೆ. ಕುದಿಯುವ ನೀರಿನಿಂದ ಪಿವಿಸಿ ಪೈಪಿನ ಜೋಡಣೆ ಸಡಿಲವಾದರೆ ಅದು ಇನ್ನೊಂದು ಖರ್ಚು. ವಿನಿಗರ್ ಜೊತೆ ಅಡುಗೆ ಸೋಡಾ ಹಾಕಿ ನೊರೆ ಬರಿಸುವ ವಿಡಿಯೋಗಳು ನೋಡಲು ಚೆಂದ. ಆದರೆ ಹುಳಿಯೂ ಸೋಡಾವೂ ಒಂದನ್ನೊಂದು ಹೊಡೆದುಹಾಕುತ್ತವೆ, ಕೊನೆಗೆ ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು. ಬ್ಲೀಚಿಂಗ್ ಸುರಿದ ತೂಬಿಗೆ ವಿನಿಗರ್ ಅಥವಾ ಆಸಿಡ್ ಅಂತೂ ಯಾವತ್ತೂ ಹಾಕಬೇಡಿ, ವಿಷದ ಅನಿಲ ಏಳುತ್ತದೆ. ಕೆಲಸ ಮಾಡಿದ್ದು ಒಂದೇ. ಬಾಟಲಿ ತೊಳೆಯುವ ಉದ್ದನೆ ಬ್ರಶ್. ಹದಿನೈದು ನಿಮಿಷ ಮೂಗು ಮುಚ್ಚಿಕೊಂಡು ಪೈಪಿನ ಒಳಗೋಡೆಯನ್ನೂ ಜಾಲರಿಯ ಹಿಂಭಾಗವನ್ನೂ ಉಜ್ಜಿದೆ. ಆಮೇಲೆ ಬಿಸಿನೀರು. ವಾರಕ್ಕೊಮ್ಮೆಯಂತೆ ಮೂರು ವಾರ. ಈಗಾಗಲೇ ಹಾರುತ್ತಿದ್ದವು ಅಷ್ಟರಲ್ಲಿ ತಾವಾಗಿಯೇ ಸತ್ತವು, ಹೊಸವು ಬರಲಿಲ್ಲ.

ಊರಿಗೆ ಹೋಗಿ ತಿಂಗಳಾದ ಮೇಲೆ ಬಂದರೆ ಬಾಗಿಲು ತೆಗೆದ ಕೂಡಲೇ ಈ ಹುಳ ಎದುರಾಗುವುದೂ ಉಂಟು. ತೂಬಿನ ಕೆಳಗೆ ಬಾಗಿದ ಪೈಪಿನಲ್ಲಿ ಸದಾ ಒಂದಿಷ್ಟು ನೀರು ನಿಂತು ಚರಂಡಿಗೂ ಮನೆಗೂ ಅಡ್ಡ ಇರುತ್ತದೆ. ಬಳಸದೇ ಇದ್ದರೆ ಆ ನೀರು ಆರಿಹೋಗುತ್ತದೆ, ದಾರಿ ಸಲೀಸು. ನೆಂಟರು ಬಂದಾಗ ಮಾತ್ರ ಬಳಸುವ ಬಚ್ಚಲಿಗೆ ವಾರಕ್ಕೊಂದು ಚೊಂಬು ನೀರು ಸುರಿದರೆ ಸಾಕು.

ಕುಂಡದ ಗಿಡಗಳ ಸುತ್ತ, ಕಂಪ್ಯೂಟರ್ ಪರದೆ ಮುಂದೆ ಸುಳಿಯುವ ಕಡ್ಡಿಯಂಥ ಕಪ್ಪು ಹುಳ ಇನ್ನೊಂದು ಬಗೆ. ಅವುಗಳ ಮರಿ ಮಣ್ಣಿನ ಮೇಲಿನ ಒಂದೆರಡು ಇಂಚಿನಲ್ಲಿ, ಸದಾ ಒದ್ದೆ ಇರುವ ಕೋಕೋಪೀಟಿನಲ್ಲಿ ಬೆಳೆಯುತ್ತವೆ. ನೀರು ಕಡಿಮೆ ಹಾಕಿ, ಮೇಲ್ಮಣ್ಣು ಪೂರ್ತಿ ಒಣಗಲು ಬಿಡಿ. ಹಳದಿ ಅಂಟು ಹಾಳೆ ಸಿಕ್ಕಿಸಿದರೆ ಹಾರುವವು ಅಂಟಿಕೊಳ್ಳುತ್ತವೆ. ಗಿಡದ ಮೇಲಿನ ಪ್ರೀತಿಯೇ ಇಲ್ಲಿ ತೊಂದರೆಯ ಮೂಲ.

ರಾತ್ರಿ ಟಿವಿ ಮುಂದೆ ಅಡ್ಡಾದಿಡ್ಡಿ ಹಾರುವ ಬೂದು ಪತಂಗ ಕಂಡರೆ ದಿನಸಿ ಕಪಾಟು ತೆಗೆಯಿರಿ. ರವೆ, ಅಕ್ಕಿ, ಗೋಧಿಹಿಟ್ಟಿನ ಡಬ್ಬಿಯಲ್ಲಿ ಜೇಡರ ಬಲೆಯಂಥ ನೂಲು, ಅದಕ್ಕೆ ಗಂಟುಗಂಟಾಗಿ ಅಂಟಿದ ಹಿಟ್ಟು ಸಿಕ್ಕರೆ ಅದು ಪತಂಗದ ಮರಿಯ ಕೆಲಸ. ಹೆಚ್ಚಾಗಿ ಆ ಡಬ್ಬಿ ಹಿಂದಿನ ಸಾಲಿನಲ್ಲಿರುತ್ತದೆ. ಹಬ್ಬಕ್ಕೆ ತಂದು ಅರ್ಧ ಉಳಿಸಿ ಮರೆತ ಚಿರೋಟಿ ರವೆ ಥರದ್ದು. ಅದನ್ನು ಎಸೆದು, ಉಳಿದ ಧಾನ್ಯವನ್ನು ಬಿಸಿಲಿಗೆ ಹಾಕಿ, ಕಪಾಟಿನ ಮೂಲೆ ಸಂದುಗಳನ್ನು ಒರೆಸಬೇಕು. ಕೋಶ ಕಟ್ಟುವ ಹೊತ್ತಿಗೆ ಮರಿಗಳು ಡಬ್ಬಿ ಬಿಟ್ಟು ಆ ಸಂದುಗಳಿಗೂ ನಡೆದು ಹೋಗುತ್ತವೆ. ಹೊಸ ರವೆಯನ್ನು ನಾಲ್ಕು ದಿನ ಫ್ರೀಜರಿನಲ್ಲಿಟ್ಟು ಆಮೇಲೆ ಡಬ್ಬಿಗೆ ಹಾಕುವುದು ನನಗೆ ಹಿಡಿಸಿದ ಪದ್ಧತಿ. ತಮಾಷೆ ಅಂದರೆ, ನಾವು ಓಡಿಸುವ ಈ ಅಕ್ಕಿ ಪತಂಗವನ್ನು ಜೈವಿಕ ಕೀಟ ನಿಯಂತ್ರಣದ ಪ್ರಯೋಗಾಲಯಗಳು ಬೇಕೆಂದೇ ಸಾಕುತ್ತವೆ. ಬೆಳೆ ತಿನ್ನುವ ಹುಳಗಳ ಮೊಟ್ಟೆಯನ್ನು ನಾಶ ಮಾಡುವ ಟ್ರೈಕೊಗ್ರಾಮ ಅನ್ನುವ ಪುಟಾಣಿ ಕಣಜಕ್ಕೆ ಇದರ ಮೊಟ್ಟೆಯೇ ತೊಟ್ಟಿಲು.

ಸೊಳ್ಳೆಯ ವಿಷಯಕ್ಕೆ ಬಂದರೆ ಕಿರಿಕಿರಿಯ ಮಾತು ಮುಗಿದು ಕಾಯಿಲೆಯ ಮಾತು ಶುರುವಾಗುತ್ತದೆ. ಸ್ವಲ್ಪ ಹಿಂದಕ್ಕೆ ಹೋಗೋಣ. 1883ರಲ್ಲಿ ರೊನಾಲ್ಡ್ ರಾಸ್ ಅನ್ನುವ ಯುವ ಸೇನಾ ವೈದ್ಯ ಬೆಂಗಳೂರಿಗೆ ಬಂದ. ಅವನ ಕೋಣೆಯಲ್ಲಿ ಬೇರೆ ಕಡೆಗಿಂತ ಸೊಳ್ಳೆ ಜಾಸ್ತಿ. ನೋಡಿದರೆ ಕಿಟಕಿಯ ಹೊರಗೆ ಒಂದು ನೀರಿನ ತೊಟ್ಟಿ, ಅದರ ತುಂಬಾ ಮರಿಗಳು. ತೊಟ್ಟಿ ಬೋರಲು ಹಾಕಿದ, ಸೊಳ್ಳೆ ಕಡಿಮೆಯಾಯಿತು. ಮೆಸ್ಸಿನ ಹೂದಾನಿ, ತೊಟ್ಟಿಗಳನ್ನೂ ಹೀಗೇ ಖಾಲಿ ಮಾಡೋಣ ಅಂದರೆ ಮೇಲಿನ ಅಧಿಕಾರಿ ಒಪ್ಪಲಿಲ್ಲವಂತೆ. ಅದು ಪ್ರಕೃತಿಯ ವ್ಯವಸ್ಥೆ ಕೆಡಿಸಿದ ಹಾಗೆ ಅಂದನಂತೆ. ಮುಂದೆ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಪರಾವಲಂಬಿಯನ್ನು ಕಂಡವನು ಇದೇ ರಾಸ್. 1902ರಲ್ಲಿ ಅವನಿಗೆ ನೊಬೆಲ್ ಬಂತು. ಆದರೆ ಮನೆಯವರಿಗೆ ಇವತ್ತಿಗೂ ಜಾಸ್ತಿ ಉಪಯೋಗಕ್ಕೆ ಬರುವುದು ಅವನ ಬೆಂಗಳೂರಿನ ತೊಟ್ಟಿಯ ಪಾಠವೇ.

ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಕಾಲಿನ ಮೇಲೆ ಬಿಳಿ ಪಟ್ಟೆ. ಹಗಲು ಹೊತ್ತು ಕಚ್ಚುತ್ತದೆ. ಟೇಬಲ್ ಕೆಳಗಿರುವ ಕಣಕಾಲು ಅಂದರೆ ಪ್ರೀತಿ. ಚರಂಡಿಯ ಕೊಳಕು ನೀರಿನಲ್ಲಿ ಬೆಳೆಯುವುದು ಕ್ಯುಲೆಕ್ಸ್, ಅದು ರಾತ್ರಿ ಕಿವಿ ಹತ್ತಿರ ಗುಂಯ್‌ಗುಡುವ ಜಾತಿ. ಈಡಿಸ್‌ಗೆ ಬೇಕಾಗಿರುವುದು ನಿಂತ, ಹೆಚ್ಚುಕಡಿಮೆ ಶುದ್ಧ ನೀರು. ಅದಕ್ಕೇ ಮನೆ ಎಷ್ಟು ಕ್ಲೀನ್ ಇಟ್ಟಿದ್ದೇವೆ ಅನ್ನುವ ಹೆಮ್ಮೆ ಇಲ್ಲಿ ನಡೆಯುವುದಿಲ್ಲ. ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ. ವಾರಕ್ಕೊಮ್ಮೆ ನೀರು ಚೆಲ್ಲಿ ಅನ್ನುವ ಲೆಕ್ಕ ಹುಟ್ಟಿದ್ದು ಇಲ್ಲಿಂದ. ಬರೀ ಚೆಲ್ಲಿದರೂ ಸಾಲದು. ಈಡಿಸ್ ಮೊಟ್ಟೆ ಇಡುವುದು ನೀರಿಗಿಂತ ಸ್ವಲ್ಪ ಮೇಲೆ, ಪಾತ್ರೆಯ ಗೋಡೆಗೆ ಅಂಟಿಸಿ. ನೀರು ಆರಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಒಣಗಿಕೊಂಡೇ ಕಾಯುತ್ತದೆ. ಮತ್ತೆ ನೀರು ತುಂಬಿದ ದಿನ ಒಡೆಯುತ್ತದೆ. ಹಾಗಾಗಿ ಡ್ರಮ್ಮಿನ ಒಳಗೋಡೆಯನ್ನು ನಾರು ಹಾಕಿ ಉಜ್ಜಲೇಬೇಕು.

ಎಲ್ಲಿ ಹುಡುಕುವುದು? ಸಂಪಿನ ಮುಚ್ಚಳದ ಸಂದು, ಮೇಲಿನ ಟ್ಯಾಂಕು ಅಂತ ಎಲ್ಲರೂ ಹೇಳುತ್ತಾರೆ. ನಾನು ಹೇಳುವುದು ಫ್ರಿಜ್ಜಿನ ಹಿಂದಿನ ತಟ್ಟೆ. ಎಷ್ಟೋ ಮಾದರಿಗಳಲ್ಲಿ ಕರಗಿದ ನೀರು ಅಲ್ಲಿ ಸೇರುತ್ತದೆ. ಆ ತಟ್ಟೆ ಇದೆ ಅಂತಲೇ ಅರ್ಧ ಜನಕ್ಕೆ ಗೊತ್ತಿಲ್ಲ. ಮನಿ ಪ್ಲಾಂಟ್ ಇಟ್ಟ ಬಾಟಲಿ, ಕುಂಡದ ಕೆಳಗಿನ ತಟ್ಟೆ, ತಾರಸಿ ಮೇಲೆ ಹೊದಿಸಿದ ಟಾರ್ಪಾಲಿನ ಮಡಿಕೆ, ಹಿತ್ತಲಲ್ಲಿ ಬಿದ್ದ ಎಳನೀರು ಬುರುಡೆ. ಕಲಬುರಗಿ, ರಾಯಚೂರು ಕಡೆಯಾದರೆ ಬೇಸಿಗೆ ಮುಗಿದ ಮೇಲೂ ನೀರು ಉಳಿದ ಏರ್ ಕೂಲರ್. ಈಡಿಸ್ ಸಾಮಾನ್ಯವಾಗಿ ನೂರಿನ್ನೂರು ಮೀಟರಿಗಿಂತ ದೂರ ಹಾರುವುದಿಲ್ಲ. ಅಂದರೆ ನಿಮ್ಮನ್ನು ಕಚ್ಚಿದ್ದು ಬಹುಶಃ ನಿಮ್ಮ ಮನೆಯದ್ದೇ, ಅಥವಾ ಪಕ್ಕದ ಮನೆಯದ್ದು. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ನಗರದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಇಟ್ಟಿತು. ಪಕ್ಕದ ಮನೆಯವರ ಡ್ರಮ್ ಬಗ್ಗೆ ಮಾತಾಡಲು ಮುಜುಗರವಾದರೆ ಈ ದಂಡದ ಸುದ್ದಿಯಿಂದ ಮಾತು ಶುರು ಮಾಡಬಹುದು ನೋಡಿ.

ಕಚ್ಚಿಸಿಕೊಳ್ಳದಿರಲು ಕಿಟಕಿಗೆ ಮೆಶ್, ಮಂಚಕ್ಕೆ ಪರದೆ, ಜೊತೆಗೆ ಫ್ಯಾನ್. ಸೊಳ್ಳೆ ನಾವು ನಡೆಯುವುದಕ್ಕಿಂತ ನಿಧಾನವಾಗಿ ಹಾರುತ್ತದೆ, ಫ್ಯಾನಿನ ಗಾಳಿ ಎದುರಿಸಲು ಅದಕ್ಕೆ ಆಗುವುದಿಲ್ಲ. ಅದು ಬರುವುದು ನಮ್ಮ ಉಸಿರಿನ ಜಾಡು ಹಿಡಿದು, ಗಾಳಿಗೆ ಆ ಜಾಡೂ ಚದುರುತ್ತದೆ. ಕಾಯಿಲ್ ಬಗ್ಗೆ ಮಾತ್ರ ನನಗೆ ಸಮಾಧಾನವಿಲ್ಲ. ಒಂದು ಕಾಯಿಲ್ ಉರಿದರೆ ಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನಷ್ಟು ಅಂತ 2003ರ ಒಂದು ಅಧ್ಯಯನ ಲೆಕ್ಕ ಹಾಕಿತ್ತು. ಮುಚ್ಚಿದ ಕೋಣೆಯಲ್ಲಿ ಮಗು ಮಲಗಿರುವಾಗ ಅದನ್ನು ಹಚ್ಚುವುದು ಸರಿಯಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ನೀಲಿ ದೀಪದ ಕೀಟ ಸುಡುವ ಯಂತ್ರವೂ ಸೊಳ್ಳೆಯ ವಿಷಯದಲ್ಲಿ ಉಪಯೋಗಕ್ಕಿಲ್ಲ. ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದವರು 1996ರಲ್ಲಿ ಇಂಥ ಹೊರಾಂಗಣ ಯಂತ್ರಗಳಲ್ಲಿ ಸತ್ತವನ್ನು ಎಣಿಸಿದ್ದರು. ಒಟ್ಟು 13,789 ಹುಳ. ಅದರಲ್ಲಿ ಕಚ್ಚುವ ಜಾತಿಯವು 31.

ಇನ್ನು ದೀಪಕ್ಕೆ ಮುತ್ತುವ ಹುಳ. ಮೊದಲ ಮಳೆ ಬಿದ್ದ ಸಂಜೆ ಟ್ಯೂಬ್‌ಲೈಟ್ ಸುತ್ತ ಈಸಲು ಹುಳ ಎದ್ದವು ಅಂದರೆ ಮನೆಯಲ್ಲಿ ಗಲಾಟೆ. ಅನ್ನದ ತಟ್ಟೆಗೂ ಬೀಳುತ್ತವೆ. ಇವು ಗೆದ್ದಲ ರೆಕ್ಕೆ ಬಂದ ಮಕ್ಕಳು, ಹೊಸ ಸಂಸಾರ ಹೂಡಲು ಹೊರಟವು. ಹಳ್ಳಿಗಳಲ್ಲಿ ಇವನ್ನು ಹಿಡಿದು, ಹುರಿದು, ಪುರಿಯ ಜೊತೆ ತಿನ್ನುವವರಿದ್ದಾರೆ. ನಗರದಲ್ಲಿ ಬೆಳಿಗ್ಗೆ ಗುಡಿಸುವುದೇ ಕೆಲಸ.

ಹುಳ ದೀಪಕ್ಕೆ ಯಾಕೆ ಬರುತ್ತವೆ? ಚಂದ್ರ ಅಂದುಕೊಂಡು ದಾರಿ ತಪ್ಪುತ್ತವೆ ಅಂತ ಬಹಳ ಕಾಲ ಹೇಳುತ್ತಿದ್ದರು. 2024ರಲ್ಲಿ ನೇಚರ್ ಕಮ್ಯುನಿಕೇಷನ್ಸ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಬೇರೆ ಉತ್ತರ ಕೊಟ್ಟಿತು. ವೇಗದ ಕ್ಯಾಮೆರಾದಲ್ಲಿ ನೋಡಿದರೆ ಅವು ದೀಪದ ಕಡೆಗೆ ನುಗ್ಗುವುದೇ ಇಲ್ಲ, ದೀಪಕ್ಕೆ ಬೆನ್ನು ಕೊಡುತ್ತವೆ! ಕೋಟ್ಯಂತರ ವರ್ಷ ರಾತ್ರಿಯಲ್ಲಿ ಹೆಚ್ಚು ಬೆಳಕಿದ್ದ ಕಡೆಯೇ ಆಕಾಶ, ಅಂದರೆ ಮೇಲೆ. ಬೆಳಕಿಗೆ ಬೆನ್ನು ತಿರುಗಿಸಿ ಹಾರಿದರೆ ಮೈ ನೆಟ್ಟಗಿರುತ್ತಿತ್ತು. ಈಗ ಪಕ್ಕದಲ್ಲಿ ಒಂದು ಬಲ್ಬು ಇದೆ. ಹುಳ ಅದಕ್ಕೆ ಬೆನ್ನು ಕೊಡಲು ವಾಲುತ್ತದೆ, ವಾಲಿದ್ದಕ್ಕೆ ತಿರುಗುತ್ತದೆ, ತಿರುಗಿ ಮತ್ತೆ ವಾಲುತ್ತದೆ. ಸುತ್ತು ಮುಗಿಯುವುದೇ ಇಲ್ಲ. ಆಕರ್ಷಣೆಗಿಂತ ಅದು ಸಿಕ್ಕಿಹಾಕಿಕೊಂಡ ಸ್ಥಿತಿ.

ಹಾಗಾಗಿ ಈಸಲು ಎದ್ದ ಸಂಜೆ ಮಾಡುವುದು ಸುಲಭ. ಒಳಗಿನ ದೀಪ ಆರಿಸಿ, ಕಿಟಕಿ ಹಾಕಿ, ಹೊರಗೆ ಒಂದು ದೀಪ ಉರಿಸಿ ಅದರ ಕೆಳಗೆ ಅಗಲದ ಬೋಗುಣಿಯಲ್ಲಿ ನೀರಿಡಿ. ಸಾಮಾನ್ಯವಾಗಿ ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ಒಂದನ್ನು ಮಾತ್ರ ಗಮನಿಸಿ. ಕಿಟಕಿ ಮುಚ್ಚಿದ್ದರೂ ಬೆಳಿಗ್ಗೆ ಕಿಟಕಿ ಬುಡದಲ್ಲಿ ಉದುರಿದ ರೆಕ್ಕೆಯ ರಾಶಿ ಇದ್ದರೆ ಅವು ಹೊರಗಿಂದ ಬಂದವಲ್ಲ, ಒಳಗಿಂದ ಎದ್ದವು. ಬಾಗಿಲ ಚೌಕಟ್ಟನ್ನು ತಟ್ಟಿ, ಟೊಳ್ಳು ಸದ್ದು ಬರುತ್ತಾ ನೋಡಿ. ಗೋಡೆ ಮೇಲೆ ಮಣ್ಣಿನ ಗೆರೆ ಹುಡುಕಿ. ಸಿಕ್ಕರೆ ಗೆದ್ದಲಿನವರನ್ನು ಕರೆಸಲೇಬೇಕು.

ದೀಪಕ್ಕೆ ಬರುವವುಗಳಲ್ಲಿ ಒಂದನ್ನು ಮಾತ್ರ ಕೈಯಿಂದ ಹೊಸಕಬೇಡಿ. ಉದ್ದ ಇರುವೆಯಂತಿದ್ದು, ಕಿತ್ತಳೆ ಮತ್ತು ಕಪ್ಪು ಪಟ್ಟೆ ಇರುತ್ತದೆ. ಆಸಿಡ್ ಫ್ಲೈ ಅಂತ ಕರೆದರೂ ಅದು ನೊಣ ಅಲ್ಲ, ದುಂಬಿಯ ಜಾತಿ. ಕಚ್ಚುವುದೂ ಇಲ್ಲ, ಕುಟುಕುವುದೂ ಇಲ್ಲ. ಆದರೆ ಜಜ್ಜಿದರೆ ಅದರ ಮೈಯ ರಸ ತಾಗಿದ ಕಡೆ ಒಂದೆರಡು ದಿನದಲ್ಲಿ ಉರಿ, ಬೊಬ್ಬೆ. ಕತ್ತಿನ ಮೇಲೆ ಕೂತರೆ ಊದಿ ಹಾರಿಸಿ, ಆಮೇಲೆ ಸೋಪು ಹಾಕಿ ತೊಳೆದುಕೊಳ್ಳಿ.

ನೊಣ ಹೊಡೆಯುವವರಿಗೆ ಒಂದು ಕಿವಿಮಾತು. ಬ್ಯಾಟು ಬರುವ ದಿಕ್ಕು ನೋಡಿ ಅದು ಕಾಲು ಸರಿಪಡಿಸಿಕೊಂಡು ಆಚೆ ದಿಕ್ಕಿಗೆ ನೆಗೆಯುತ್ತದೆ. ಕೂತಲ್ಲಿಗೆ ಹೊಡೆಯಬೇಡಿ, ಅದು ನೆಗೆಯುವ ಕಡೆ ಸ್ವಲ್ಪ ಮುಂದಕ್ಕೆ ಗುರಿ ಇಡಿ.

ನಮ್ಮ ಕಿಟಕಿ ಮೂಲೆಯಲ್ಲಿ ಈಗ ಒಂದು ಕುಂಬಾರ ಹುಳ ಮಣ್ಣಿನ ಗೂಡು ಕಟ್ಟುತ್ತಿದೆ. ಕಣಜವೇ, ಆದರೆ ಒಂಟಿ. ಮುಟ್ಟದಿದ್ದರೆ ತನ್ನ ಪಾಡಿಗೆ ತಾನು. ಒದ್ದೆ ಮಣ್ಣಿನ ಉಂಡೆ ತರುತ್ತದೆ, ಅಂಟಿಸುತ್ತದೆ, ಹೋಗುತ್ತದೆ. ಪ್ರತಿ ಕೋಣೆಯೊಳಗೂ ಮರಗಟ್ಟಿಸಿದ ಜೇಡಗಳನ್ನು ತುಂಬಿ ಮೊಟ್ಟೆ ಇಟ್ಟು ಮುಚ್ಚುತ್ತದೆ. ಅಮ್ಮ ಪೊರಕೆ ತಂದರು. ಮರಿ ಹೊರಬಿದ್ದು ಗೂಡಿಗೆ ತೂತಾಗುವವರೆಗೆ ಇರಲಿ ಬಿಡಿ, ಆಮೇಲೆ ನಾನೇ ಕೆರೆಯುತ್ತೇನೆ ಅಂದಿದ್ದೇನೆ.